ಸುಟ್ಟ ಪೈರು, ಅರ್ಧಕ್ಕೆ ನಿಂತ ಹೆಸರು: ಐರ್ಲೆಂಡಿನ ದಂಗೆಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯ ಬಗ್ಗೆ ಬರೆಯುವಾಗ ‘ಐರ್ಲೆಂಡ್ ಅವಳಿಗೆ ಸಾಯುವವರೆಗೂ ತಲೆನೋವಾಗಿತ್ತು’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಧಾರವಾಡದ ಓದುಗರೊಬ್ಬರು ಪೋಸ್ಟ್ ಕಾರ್ಡಿನಲ್ಲಿ ಕೇಳಿದ್ದಾರೆ: ‘ಅವಳು ಐರ್ಲೆಂಡಿಗೆ ಏನಾಗಿದ್ದಳು ಅನ್ನೋದನ್ನ ಯಾರು ಬರೀಬೇಕು ಮೇಡಂ?’ ನ್ಯಾಯವಾದ ಮಾತು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಆ ಸಾಲನ್ನು ಹಾಗೆ ಬರೆಯಬಾರದಿತ್ತು. ಅದೂ ಅಲ್ಲದೆ ನನ್ನ ಮಗಳು ಐರ್ಲೆಂಡಿನ ಕಾರ್ಕ್ ಊರಿನಲ್ಲಿ ನರ್ಸ್ ಆಗಿದ್ದಾಳೆ. ಎರಡು ಸಲ ಅವಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು, ಈ ದಂಗೆಗಳು ನಡೆದ ಜಾಗಗಳನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಆ ಸಾಲಿನಿಂದಾಗಿ ಬೇರೆ ಪತ್ರಗಳೂ ಬಂದಿವೆ. ಈ ಸಲ ಈ ಒಂದು ವಿಷಯದ ಪತ್ರಗಳನ್ನೇ ತೆಗೆದುಕೊಳ್ಳುತ್ತೇನೆ.

ಪ್ರ: ನಮ್ಮ ಪಠ್ಯದಲ್ಲಿ ಟ್ಯೂಡರ್ ಅರಸರ ಬಗ್ಗೆ ಒಂದು ಪಾಠವೇ ಇದೆ, ಐರ್ಲೆಂಡಿನ ಹೆಸರು ಮಾತ್ರ ಎಲ್ಲೂ ಇಲ್ಲ. ಅದು ಆಗಲೇ ಇಂಗ್ಲೆಂಡಿನ ಕೈಯಲ್ಲಿ ಇತ್ತಲ್ವಾ ಮೇಡಂ? ಮತ್ತೆ ದಂಗೆ ಯಾಕೆ?
– ಬಿ.ಎ. ವಿದ್ಯಾರ್ಥಿನಿ, ಸಾಗರ

ಉ: ಕಾಗದದ ಮೇಲೆ ಇತ್ತು ಮಗಳೇ, ನೆಲದ ಮೇಲೆ ಇರಲಿಲ್ಲ. 1169ರಲ್ಲಿ ನಾರ್ಮನ್ ಸರದಾರರು ಕಡಲು ದಾಟಿ ಐರ್ಲೆಂಡಿಗೆ ಬಂದರು. ಅವರ ಬೆನ್ನಿಗೇ 1171ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಬಂದು ‘ನಾನೇ ಒಡೆಯ’ ಎಂದ. ಆಮೇಲೆ ಮುನ್ನೂರು ವರ್ಷದಲ್ಲಿ ಆ ಸರದಾರರ ಮೊಮ್ಮಕ್ಕಳು, ಮರಿಮಕ್ಕಳು ಐರಿಷ್ ಮಾತಾಡುತ್ತಾ, ಐರಿಷ್ ಮನೆತನಗಳಲ್ಲೇ ಹೆಣ್ಣು ತರುತ್ತಾ ಅಲ್ಲಿಯವರೇ ಆಗಿಬಿಟ್ಟರು. 1485ರಲ್ಲಿ ಟ್ಯೂಡರ್ ವಂಶ ಪಟ್ಟಕ್ಕೆ ಬಂದಾಗ ಇಂಗ್ಲೆಂಡಿನ ದೊರೆಯ ಮಾತು ನಿಜವಾಗಿ ನಡೆಯುತ್ತಿದ್ದದ್ದು ಡಬ್ಲಿನ್ ಸುತ್ತಮುತ್ತಲಿನ ಒಂದಿಷ್ಟು ನೆಲದಲ್ಲಿ ಮಾತ್ರ. ಅದಕ್ಕೆ ‘ಪೇಲ್’ ಎನ್ನುತ್ತಿದ್ದರು. ಬೇಲಿಯ ಗೂಟ ಎಂದು ಅದರ ಅರ್ಥ.

ಬೇಲಿಯಾಚೆ ಎರಡು ಬಗೆಯ ಒಡೆಯರಿದ್ದರು. ಒಂದು ಕಡೆ ಹಳೆಯ ನಾರ್ಮನ್ ಮನೆತನಗಳು: ಕಿಲ್ಡೇರ್ ಮತ್ತು ಡೆಸ್ಮಂಡಿನ ಫಿಟ್ಜ್‌ಜೆರಾಲ್ಡರು, ಆರ್ಮಂಡಿನ ಬಟ್ಲರರು. ಇನ್ನೊಂದು ಕಡೆ ಮೊದಲಿನಿಂದಲೂ ಇದ್ದ ಗೇಲಿಕ್ ಮನೆತನಗಳು: ಓನೀಲ್, ಓಡಾನಲ್, ಓಬರ್ನ್. ಗೇಲಿಕ್ ಕಟ್ಟಳೆಯಲ್ಲಿ ನೆಲ ಇಡೀ ಕುಲದ್ದು. ನಾಯಕ ಸತ್ತರೆ ಹಿರಿಯ ಮಗನೇ ಪಟ್ಟಕ್ಕೆ ಬರಬೇಕೆಂದಿಲ್ಲ. ದಾಯಾದಿಗಳಲ್ಲಿ ಗಟ್ಟಿಯಾದವನನ್ನು ಆರಿಸುತ್ತಿದ್ದರು.

1541ರಲ್ಲಿ ಡಬ್ಲಿನ್ ಪಾರ್ಲಿಮೆಂಟು ಎಂಟನೇ ಹೆನ್ರಿಯನ್ನು ‘ಐರ್ಲೆಂಡಿನ ರಾಜ’ ಎಂದು ಸಾರಿತು. ಅಲ್ಲಿಯವರೆಗೆ ಇಂಗ್ಲೆಂಡಿನ ದೊರೆಗೆ ಇದ್ದದ್ದು ‘ಐರ್ಲೆಂಡಿನ ಒಡೆಯ’ ಎಂಬ ಬಿರುದು ಮಾತ್ರ. ಆಮೇಲೆ ಒಂದು ಹೊಸ ಪದ್ಧತಿ ಬಂತು. ನಾಯಕನಾದವನು ತನ್ನ ನೆಲವನ್ನೆಲ್ಲ ದೊರೆಗೆ ಒಪ್ಪಿಸಬೇಕು. ದೊರೆ ಅದೇ ನೆಲವನ್ನು ಸನ್ನದಿನ ಮೂಲಕ ಅವನಿಗೇ ವಾಪಸ್ ಕೊಡುತ್ತಾನೆ, ಜೊತೆಗೆ ‘ಅರ್ಲ್’ ಎಂಬ ಪದವಿ. ಅಲ್ಲಿಂದ ಮುಂದೆ ಪಟ್ಟ ಹಿರಿಯ ಮಗನಿಗೇ. ಕೇಳಲಿಕ್ಕೆ ಸುಲಭ ಅನಿಸುತ್ತದೆ ಅಲ್ವಾ? ಆದರೆ ಕುಲದ ನೆಲ ಒಬ್ಬನ ಸ್ವಂತ ಆಸ್ತಿಯಾಯಿತು. ನಾಳೆ ಅವನು ‘ರಾಜದ್ರೋಹಿ’ ಎನಿಸಿಕೊಂಡರೆ ಇಡೀ ಕುಲದ ನೆಲ ಜಪ್ತಿ. ಟ್ಯೂಡರ್ ಕಾಲದ ಬಹುಪಾಲು ದಂಗೆಗಳ ಬೀಜ ಈ ಕಾಗದದಲ್ಲೇ ಇದೆ ಎಂದು ನನ್ನ ಅನಿಸಿಕೆ. ಪರೀಕ್ಷೆಗೆ ಬರಲಿ ಬಿಡಲಿ, ಇದನ್ನು ನೆನಪಿಟ್ಟುಕೋ.

ಪ್ರ: ‘ರೇಷ್ಮೆ ಥಾಮಸ್’ ಅಂತ ಒಬ್ಬ ಬಂಡಾಯಗಾರ ಇದ್ದನಂತೆ. ನಮ್ಮದು ರೇಷ್ಮೆಯ ಊರು, ಹಾಗಾಗಿ ಕುತೂಹಲ. ಯಾರು ಅವನು?
– ಗೃಹಿಣಿ, ರಾಮನಗರ

ಉ: ಥಾಮಸ್ ಫಿಟ್ಜ್‌ಜೆರಾಲ್ಡ್, ಕಿಲ್ಡೇರ್ ಮನೆತನದ ಹುಡುಗ. ಅವನ ದಂಡಿನವರ ಶಿರಸ್ತ್ರಾಣಕ್ಕೆ ರೇಷ್ಮೆಯ ಕುಚ್ಚು ಕಟ್ಟಿರುತ್ತಿದ್ದರು, ಅದಕ್ಕೇ ಆ ಹೆಸರು. ಅವನ ಅಪ್ಪ ಐರ್ಲೆಂಡಿನಲ್ಲಿ ದೊರೆಯ ಪ್ರತಿನಿಧಿ. 1534ರಲ್ಲಿ ದೊರೆ ಎಂಟನೇ ಹೆನ್ರಿ ಅಪ್ಪನನ್ನು ಲಂಡನ್ನಿಗೆ ಕರೆಸಿಕೊಂಡ. ಹೋಗುವಾಗ ಅಪ್ಪ ಅಧಿಕಾರವನ್ನು ಮಗನ ಕೈಗೆ ಕೊಟ್ಟು ಹೋದ. ಮಗನಿಗೆ ಆಗ ಸುಮಾರು ಇಪ್ಪತ್ತೊಂದು ವರ್ಷ. ಸ್ವಲ್ಪ ದಿನಕ್ಕೆ ಸುದ್ದಿ ಬಂತು, ‘ನಿನ್ನಪ್ಪನ ತಲೆ ಕಡಿದರು’ ಅಂತ.

ಆ ಸುದ್ದಿ ಸುಳ್ಳು. ಅಪ್ಪ ಸೆರೆಯಲ್ಲಿದ್ದರೂ ಜೀವಂತ ಇದ್ದ. ಹುಡುಗ ಯಾರ ಮಾತನ್ನೂ ಕೇಳಲಿಲ್ಲ. ಜೂನ್ 11ರಂದು ಡಬ್ಲಿನ್ನಿನ ಸೇಂಟ್ ಮೇರಿ ಮಠದಲ್ಲಿ ಸಭೆ ಸೇರಿದ್ದ ಮಂತ್ರಿಗಳ ಎದುರಿಗೆ ದೊರೆ ಕೊಟ್ಟ ಖಡ್ಗವನ್ನು ಕೆಳಗೆ ಎಸೆದ. ‘ಇನ್ನು ನಾನು ದೊರೆಯ ಆಳಲ್ಲ, ವೈರಿ’ ಎಂದ. ಆ ಸಭೆಯಲ್ಲಿದ್ದ ಹಿರಿಯ ಬಿಷಪ್ ಕಣ್ಣೀರಿಟ್ಟು ಬೇಡಿಕೊಂಡರೂ ಕೇಳಲಿಲ್ಲವಂತೆ. ಮಗನ ದಂಗೆಯ ಸುದ್ದಿ ಲಂಡನ್ನಿಗೆ ಮುಟ್ಟಿತು. ಸೆಪ್ಟೆಂಬರಿನಲ್ಲಿ ಅಪ್ಪ ಸೆರೆಮನೆಯಲ್ಲೇ ತೀರಿಕೊಂಡ. ಯಾವ ಸಾವಿಗೆಂದು ಮಗ ಕತ್ತಿ ಹಿರಿದನೋ, ಆ ಸಾವು ದಂಗೆ ಶುರುವಾದ ಮೇಲೆ ಬಂತು. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ಪ್ರತಿಸಲವೂ ನನಗೆ ಗಂಟಲು ಕಟ್ಟುತ್ತಿತ್ತು.

ಹುಡುಗ ಡಬ್ಲಿನ್ ಕೋಟೆಗೆ ಮುತ್ತಿಗೆ ಹಾಕಿದ, ಆಗಲಿಲ್ಲ. 1535ರ ಮಾರ್ಚಿನಲ್ಲಿ ಇಂಗ್ಲಿಷ್ ದಂಡು ದೊಡ್ಡ ಫಿರಂಗಿಗಳನ್ನು ತಂದು ಮೇನೂತ್‌ನಲ್ಲಿದ್ದ ಅವನ ಕೋಟೆಯನ್ನು ಒಡೆಯಿತು. ಸೆರೆಸಿಕ್ಕ ಕಾವಲಿನವರಲ್ಲಿ ಹೆಚ್ಚಿನವರನ್ನು ಕೊಂದರು. ‘ಮೇನೂತಿನ ಕ್ಷಮೆ’ ಎಂದರೆ ಕೊಲೆ ಎಂದೇ ಐರ್ಲೆಂಡಿನಲ್ಲಿ ಮಾತು ಉಳಿಯಿತು. ಆಗಸ್ಟಿನಲ್ಲಿ, ಪ್ರಾಣ ಉಳಿಸುತ್ತೇವೆ ಎಂಬ ಮಾತನ್ನು ನಂಬಿ ಥಾಮಸ್ ಶರಣಾದ. 1537ರ ಫೆಬ್ರವರಿ 3ರಂದು ಲಂಡನ್ನಿನ ಟೈಬರ್ನ್‌ನಲ್ಲಿ ಅವನನ್ನೂ ಅವನ ಐದು ಜನ ಚಿಕ್ಕಪ್ಪ ದೊಡ್ಡಪ್ಪಂದಿರನ್ನೂ ಕೊಂದರು.

ಮಗಳ ಮನೆಗೆ ಹೋದಾಗ ದಾರಿಯಲ್ಲಿ ಲಂಡನ್ನಿನಲ್ಲಿ ಎರಡು ದಿನ ಇಳಿದಿದ್ದೆ. ಟವರ್ ಕೋಟೆಯಲ್ಲಿ ಬೀಚಮ್ ಗೋಪುರ ಅಂತ ಒಂದಿದೆ. ಅಲ್ಲಿ ಸೆರೆಯಲ್ಲಿದ್ದವರು ಗೋಡೆಯ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳು ಇನ್ನೂ ಇವೆ. ಕೆಲವಂತೂ ಶಿಲ್ಪಿಯ ಕೈಕೆಲಸದಂತೆ ಇವೆ, ಹೂವು, ಪ್ರಾಣಿ, ವಂಶದ ಗುರುತು ಎಲ್ಲ ಕೆತ್ತಿದ್ದಾರೆ. ಅವುಗಳ ನಡುವೆ ಒಂದು ಹೆಸರು: ‘ಥಾಮಸ್ ಫಿಟ್ಜ್‌ಜೆರಾ’. ಅಷ್ಟೇ. ಕೊನೆಯ ಅಕ್ಷರಗಳು ಇಲ್ಲ. ನಾನು ಅಲ್ಲಿ ಜಾಸ್ತಿ ಹೊತ್ತು ನಿಂತಿದ್ದೆ. ಹಿಂದಿನವರು ಮುಂದೆ ಹೋಗಲಿ ಎಂದು ಗೋಡೆಗೆ ಒರಗಿ ಜಾಗ ಬಿಟ್ಟೆ.

ಪ್ರ: ಇದೆಲ್ಲ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಜಗಳ ಅಂತಲೇ ನಾವು ಓದಿದ್ದು. ಸರೀನಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು

ಉ: ಅರ್ಧ ಸರಿ. ಇಂಗ್ಲೆಂಡಿನಲ್ಲಿ ಮೇರಿ ರಾಣಿ ಆಳುತ್ತಿದ್ದಾಗ ಅವಳೂ ಕ್ಯಾಥೊಲಿಕ್, ಐರಿಷರೂ ಕ್ಯಾಥೊಲಿಕ್. ಆದರೂ 1556ರಲ್ಲಿ ಲೀಷ್ ಮತ್ತು ಆಫಲಿ ಎಂಬ ಎರಡು ಸೀಮೆಗಳಿಂದ ಓಮೋರ್, ಓಕಾನರ್ ಕುಲದವರನ್ನು ಒಕ್ಕಲೆಬ್ಬಿಸಿ ಇಂಗ್ಲಿಷರನ್ನು ತಂದು ಕೂರಿಸಲು ಹೊರಟರು. ಆ ಸೀಮೆಗಳಿಗೆ ‘ರಾಣಿಯ ಕೌಂಟಿ’, ‘ರಾಜನ ಕೌಂಟಿ’ ಎಂದು ಹೆಸರಿಟ್ಟರು. ಧರ್ಮ ಒಂದೇ ಆಗಿದ್ದರೂ ನೆಲ ಹೋಯಿತು.

ಧರ್ಮದ ವಿಷಯ ಜೋರಾಗಿ ಬಂದದ್ದು 1570ರ ನಂತರ. ಆ ವರ್ಷ ಪೋಪ್ ಎಲಿಜಬೆತ್‌ಳನ್ನು ಬಹಿಷ್ಕರಿಸಿದರು, ಅವಳ ಆಜ್ಞೆ ಪಾಲಿಸಬೇಕಾಗಿಲ್ಲ ಎಂದರು. ನೆಲಕ್ಕಾಗಿ ಹೊಡೆದಾಡುತ್ತಿದ್ದವರಿಗೆ ಆಗ ಒಂದು ದೊಡ್ಡ ಬಾವುಟ ಸಿಕ್ಕಿತು. ಸ್ಪೇನಿನಿಂದ, ರೋಮಿನಿಂದ ಸಹಾಯ ಕೇಳುವುದಕ್ಕೆ ಒಂದು ಭಾಷೆ ಸಿಕ್ಕಿತು. ಅವರ ನಂಬಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನೆಲ ಹೋಗುತ್ತಿದೆ, ಮಠಗಳು ಹೋಗುತ್ತಿವೆ, ಮಾತು ಹೋಗುತ್ತಿದೆ. ಬದುಕುವವನಿಗೆ ಇವು ಬೇರೆ ಬೇರೆ ಸಂಕಟ ಅನಿಸುವುದಿಲ್ಲ.

ಪ್ರ: ಕಾಡು ಗೊತ್ತು, ಹಳ್ಳ ಗೊತ್ತು, ಜನ ಜೊತೆಗಿದ್ದಾರೆ. ಅಂಥವರನ್ನು ಹೊರಗಿನ ದಂಡು ಹೇಗೆ ಸೋಲಿಸ್ತು? ನನಗೆ ಇದು ಅರ್ಥ ಆಗ್ತಾ ಇಲ್ಲ.
– ರೈತರು, ರಾಣೆಬೆನ್ನೂರು

ಉ: ನೀವು ರೈತರು, ನಿಮಗೆ ಇದರ ಉತ್ತರ ಎಲ್ಲರಿಗಿಂತ ಬೇಗ ಅರ್ಥವಾಗುತ್ತದೆ. ಹೊಟ್ಟೆಯ ಮೇಲೆ ಹೊಡೆದರು.

ಡೆಸ್ಮಂಡ್ ಎಂದರೆ ಐರ್ಲೆಂಡಿನ ದಕ್ಷಿಣದ ಮನ್‌ಸ್ಟರ್ ಪ್ರಾಂತದಲ್ಲಿ ಫಿಟ್ಜ್‌ಜೆರಾಲ್ಡರ ದೊಡ್ಡ ಸಂಸ್ಥಾನ. 1565ರಲ್ಲಿ ಅಫೇನ್ ಎಂಬಲ್ಲಿ ಡೆಸ್ಮಂಡಿನ ಅರ್ಲ್‌ಗೂ ಆರ್ಮಂಡಿನ ಅರ್ಲ್‌ಗೂ ಖಾಸಗಿ ಕಾಳಗ ನಡೆಯಿತು. ರಾಣಿಗೆ ಸಿಟ್ಟು ಬಂತು. ಕಾಲಕ್ರಮದಲ್ಲಿ ಡೆಸ್ಮಂಡಿನ ಅರ್ಲ್‌ನನ್ನು ಲಂಡನ್ನಿನಲ್ಲಿ ಹಿಡಿದಿಟ್ಟರು. ಒಡೆಯ ಇಲ್ಲದ ಸೀಮೆಯಲ್ಲಿ ಹಳೆಯ ಹಕ್ಕುಪತ್ರ ಹಿಡಿದುಕೊಂಡು ಇಂಗ್ಲಿಷರು ನೆಲ ಕೇಳಲು ಬಂದರು. 1569ರಲ್ಲಿ ಅರ್ಲ್‌ನ ದಾಯಾದಿ ಜೇಮ್ಸ್ ಫಿಟ್ಜ್‌ಮಾರಿಸ್ ದಂಗೆ ಎದ್ದ. ಅದನ್ನು ಅಡಗಿಸಲು ಬಂದ ಹಂಫ್ರಿ ಗಿಲ್ಬರ್ಟ್ ದಿನವೂ ಸತ್ತವರ ತಲೆಗಳನ್ನು ತನ್ನ ಡೇರೆಗೆ ಬರುವ ದಾರಿಯ ಎರಡೂ ಬದಿ ಸಾಲಾಗಿ ಇಡಿಸುತ್ತಿದ್ದ. ಶರಣಾಗಲು ಬಂದವರು ತಮ್ಮ ಅಪ್ಪ, ಅಣ್ಣ, ಮಗನ ಮುಖ ನೋಡುತ್ತಾ ನಡೆಯಬೇಕು. ಇದನ್ನು ದಾಖಲಿಸಿದವನು ಅವನ ಕಡೆಯವನೇ, ಅದೂ ಮೆಚ್ಚಿಕೊಂಡು. ಇದು ನಡೆದದ್ದು ಹದಿನಾರನೇ ಶತಮಾನದಲ್ಲಿ, ‘ಆಗ ಎಲ್ಲ ಕಡೆ ಹಾಗೇ ಇತ್ತು’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ದಾರಿಯಲ್ಲಿ ನಡೆದವರಿಗೆ ಅದು ಮಾಮೂಲು ಆಗಿರಲಿಲ್ಲ.

1573ಕ್ಕೆ ಆ ದಂಗೆ ಮುಗಿಯಿತು. ಫಿಟ್ಜ್‌ಮಾರಿಸ್ ಯೂರೋಪಿಗೆ ಹೋಗಿ 1579ರಲ್ಲಿ ಪೋಪರ ಬಾವುಟ ಹಿಡಿದು ಮರಳಿದ. ಒಂದೇ ತಿಂಗಳಲ್ಲಿ ಸತ್ತ. ಆದರೆ ಬೆಂಕಿ ಹೊತ್ತಿ ಆಗಿತ್ತು. ಹಿಂದೆಮುಂದೆ ನೋಡುತ್ತಿದ್ದ ಅರ್ಲ್‌ನನ್ನು ‘ದ್ರೋಹಿ’ ಎಂದು ಸಾರಿದ ಮೇಲೆ ಅವನೂ ಬೀದಿಗಿಳಿದ. 1580ರಲ್ಲಿ ಸುಮಾರು ಆರುನೂರು ಇಟಲಿ ಮತ್ತು ಸ್ಪೇನ್ ಸಿಪಾಯಿಗಳು ಸಹಾಯಕ್ಕೆಂದು ಪಶ್ಚಿಮ ತುದಿಯ ಸ್ಮರಿಕ್‌ನಲ್ಲಿ ಬಂದಿಳಿದರು. ಕಡಲ ಅಂಚಿನ ಒಂದು ಪುಟ್ಟ ಕೋಟೆಯಲ್ಲಿ ಕೂತರು. ನವೆಂಬರಿನಲ್ಲಿ ಇಂಗ್ಲಿಷ್ ದಂಡು ಮುತ್ತಿಗೆ ಹಾಕಿದಾಗ ಶರಣಾದರು. ಆಯುಧ ಕೆಳಗಿಟ್ಟ ಮೇಲೆ ಅವರನ್ನು ಕೊಂದುಹಾಕಿದರು.

ಆ ಜಾಗಕ್ಕೆ ನಾನು ಹೋಗಿದ್ದೆ. ಐರಿಷ್‌ನಲ್ಲಿ ‘ಡೂನ್ ಅನ್ ಓರ್’, ಚಿನ್ನದ ಕೋಟೆ. ಕೋಟೆ ಏನೂ ಉಳಿದಿಲ್ಲ, ಹುಲ್ಲು ಮುಚ್ಚಿದ ಮಣ್ಣಿನ ದಿಣ್ಣೆ, ಕೆಳಗೆ ಕಡಲು. ಪಕ್ಕದಲ್ಲಿ ಕಲ್ಲಿನ ಸ್ಮಾರಕ ಇದೆ, ಅದರ ತುಂಬ ಕೆತ್ತಿದ ತಲೆಗಳು. ಹತ್ತಿರದ ಒಂದು ಹೊಲಕ್ಕೆ ಊರಿನವರು ಈಗಲೂ ‘ತಲೆಗಳ ಹೊಲ’ ಎನ್ನುತ್ತಾರೆ. ಗಾಳಿ ಎಷ್ಟಿತ್ತೆಂದರೆ ಸೆರಗು ಹಿಡಿದುಕೊಳ್ಳಲು ಎರಡೂ ಕೈ ಬೇಕಾಯಿತು. ಮಗಳು ‘ಹೋಗೋಣ ಅಮ್ಮ’ ಎಂದಳು. ನನಗೆ ತಕ್ಷಣ ತಿರುಗಿ ಬರಲು ಆಗಲಿಲ್ಲ.

ಆದರೆ ಸಿಪಾಯಿಗಳ ಸಾವಿನಿಂದ ದಂಗೆ ಮುಗಿಯಲಿಲ್ಲ. ಮುಗಿದದ್ದು ಪೈರಿಗೆ ಬೆಂಕಿ ಇಟ್ಟಾಗ. ಐರಿಷ್ ಜನರ ಬದುಕು ದನದ ಮೇಲೆ, ಹಾಲು ಬೆಣ್ಣೆಯ ಮೇಲೆ, ಒಂದಿಷ್ಟು ಓಟ್ಸ್ ಬೆಳೆಯ ಮೇಲೆ ನಿಂತಿತ್ತು. ದಂಡು ಊರಿಂದೂರಿಗೆ ಹೋಗಿ ನಿಂತ ಪೈರು ಸುಟ್ಟಿತು, ದನಗಳನ್ನು ಹೊಡೆದುಕೊಂಡು ಹೋಯಿತು ಇಲ್ಲವೇ ಕೊಂದಿತು. ಕಾಡಿನಲ್ಲಿದ್ದವನು ಎಷ್ಟೇ ಧೀರನಾಗಲಿ, ಹಳ್ಳಿಯಿಂದ ಊಟ ಬಾರದಿದ್ದರೆ ಎಷ್ಟು ದಿನ ಇದ್ದಾನು?

ನಾನು ಏಳು ವರ್ಷದವಳಿದ್ದಾಗ ನಮ್ಮ ಊರಿನಲ್ಲಿ ಒಂದು ರಾತ್ರಿ ಕಣದಲ್ಲಿ ಬಣವೆಗೆ ಬೆಂಕಿ ಬಿತ್ತು. ಯಾರೂ ಇಟ್ಟದ್ದಲ್ಲ, ಆಕಸ್ಮಿಕ. ಅಪ್ಪ ಬೆಳಗಿನವರೆಗೂ ನೀರು ಹೊತ್ತರು. ಬೆಳಿಗ್ಗೆ ಎತ್ತುಗಳು ಕೊಟ್ಟಿಗೆಯಲ್ಲಿ ಖಾಲಿ ಗೋದಲೆ ನೆಕ್ಕುತ್ತಾ ನಿಂತಿದ್ದವು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಒಂದು ಬಣವೆಗೆ ಹೀಗಾದರೆ ಇಡೀ ಪ್ರಾಂತಕ್ಕೆ ಏನಾಗಿರಬೇಡ!

1582ರ ಹೊತ್ತಿಗೆ ಅರ್ಧ ವರ್ಷದಲ್ಲಿ ಮೂವತ್ತು ಸಾವಿರ ಜನ ಹಸಿವಿನಿಂದ ಸತ್ತರು ಎಂದು ಬರೆದವನು ಇಂಗ್ಲಿಷ್ ಅಧಿಕಾರಿಯೇ. ಕವಿ ಎಡ್ಮಂಡ್ ಸ್ಪೆನ್ಸರ್ ಆಗ ಐರ್ಲೆಂಡಿನಲ್ಲಿ ಇಂಗ್ಲಿಷ್ ಆಡಳಿತದ ಕಾರ್ಯದರ್ಶಿ. ಜನ ಕಾಲಿನಲ್ಲಿ ಬಲವಿಲ್ಲದೆ ಕೈಯೂರಿಕೊಂಡು ಕಾಡಿನಿಂದ ತೆವಳುತ್ತಾ ಬರುತ್ತಿದ್ದರು, ಎಲ್ಲಾದರೂ ನೀರುಸೊಪ್ಪು ಕಂಡರೆ ಹಬ್ಬದೂಟಕ್ಕೆಂಬಂತೆ ಮುಗಿಬೀಳುತ್ತಿದ್ದರು ಎಂದು ಅವನು ಬರೆದಿದ್ದಾನೆ. ಇಷ್ಟನ್ನು ಕಂಡವನು ಮತ್ತೆ ದಂಗೆ ಎದ್ದರೆ ಇದೇ ಹಸಿವಿನ ದಾರಿಯನ್ನು ಹಿಡಿಯಬೇಕೆಂದು ಸಲಹೆ ಕೊಟ್ಟ. ಅವನ ಕವಿತೆಯನ್ನು ನಾನು ಎಂ.ಎ. ಓದುವಾಗ ಬಾಯಿಪಾಠ ಮಾಡಿದ್ದೆ. ಇದನ್ನು ಓದಿದ ಮೇಲೆ ಅದು ಮೊದಲಿನ ಹಾಗೆ ಬಾಯಿಗೆ ಬರಲಿಲ್ಲ.

ಐರಿಷ್ ಕಡೆಯ ವರದಿಯೂ ಇದೆ. ಮುಂದಿನ ಶತಮಾನದಲ್ಲಿ ಅವರ ವಿದ್ವಾಂಸರು ವರ್ಷವಾರು ಬರೆದಿಟ್ಟ ವೃತ್ತಾಂತದಲ್ಲಿ 1582ಕ್ಕೆ ಬರೆದದ್ದು ಇದು: ಪಶ್ಚಿಮದ ಡನ್‌ಕ್ವಿನ್‌ನಿಂದ ಕ್ಯಾಶೆಲ್‌ವರೆಗೆ ಹಸುವಿನ ಕೂಗಾಗಲಿ ಉಳುವವನ ದನಿಯಾಗಲಿ ಕೇಳಿಸುತ್ತಿರಲಿಲ್ಲ. ಅಷ್ಟು ದೂರವನ್ನು ನಾನು ಕಾರಿನಲ್ಲಿ ದಾಟಿದ್ದೇನೆ. ಈಗ ದಾರಿಯುದ್ದಕ್ಕೂ ದನ ಮೇಯುತ್ತವೆ.

ಡೆಸ್ಮಂಡಿನ ಅರ್ಲ್ ಕೊನೆಗೆ ಬೆರಳೆಣಿಕೆಯ ಜನರೊಂದಿಗೆ ಕಾಡು ಸುತ್ತುತ್ತಿದ್ದ. ಹಸಿವಿಗೆ ಅವನ ಕಡೆಯವರು ಒಂದು ಐರಿಷ್ ಮನೆಯ ದನ ಹೊಡೆದುಕೊಂಡು ಬಂದರು. ಆ ಮನೆಯವರು ಜಾಡು ಹಿಡಿದು ಬಂದು 1583ರ ನವೆಂಬರಿನಲ್ಲಿ ಟ್ರಲೀ ಹತ್ತಿರ ಅವನನ್ನು ಮುಗಿಸಿದರು. ಅವನ ತಲೆ ಲಂಡನ್ ಸೇತುವೆಗೆ ಹೋಯಿತು. ನೆಲ ಇಂಗ್ಲಿಷರಿಗೆ ಹಂಚಿಹೋಯಿತು. ಸ್ಪೆನ್ಸರನಿಗೆ ಮೂರು ಸಾವಿರ ಎಕರೆ, ಸ್ಮರಿಕ್‌ನಲ್ಲಿ ಇಂಗ್ಲಿಷ್ ದಂಡಿನ ಜೊತೆಗಿದ್ದ ವಾಲ್ಟರ್ ರಾಲೆಗೆ ನಲವತ್ತೆರಡು ಸಾವಿರ.

ಪ್ರ: ಆಲೂಗಡ್ಡೆಯನ್ನು ಐರ್ಲೆಂಡಿಗೆ ತಂದವನು ಇದೇ ರಾಲೆ ಅಂತ ಹೇಳ್ತಾರಲ್ಲ?
– ಆಲೂಗಡ್ಡೆ ಬೆಳೆಗಾರರು, ಹಾಸನ

ಉ: ಯೋಲ್ ಎಂಬ ಊರಿನಲ್ಲಿ ಅವನ ಮನೆಯ ತೋಟದಲ್ಲೇ ಮೊದಲು ನೆಟ್ಟದ್ದು ಅಂತ ಕಥೆ ಹೇಳುತ್ತಾರೆ. ಕಥೆ ಅಷ್ಟೇ, ಆಧಾರ ಇಲ್ಲ. ಐರ್ಲೆಂಡಿನ ಹೆಸರಿನ ಜೊತೆ ಎಲ್ಲರೂ ನೆನೆಯುವ ಆಲೂಗಡ್ಡೆ ಬರಗಾಲ 1845ರಲ್ಲಿ ಶುರುವಾದದ್ದು, ಅದು ಬೇರೆ.

ಪ್ರ: ಈ ದಂಗೆಗಳಲ್ಲಿ ಹೆಂಗಸರು ಯಾರೂ ಇರಲಿಲ್ಲವೇ?
– ಶಿಕ್ಷಕಿ, ಚಿತ್ರದುರ್ಗ

ಉ: ಗ್ರೇಸ್ ಓಮ್ಯಾಲಿ. ಐರಿಷರ ಬಾಯಲ್ಲಿ ಗ್ರಾನ್ಯವೇಲ್. ಪಶ್ಚಿಮದ ಮೇಯೊ ಕರಾವಳಿಯ ಹಡಗಿನ ಒಡತಿ. ಕಾನಕ್ಟ್ ಪ್ರಾಂತದ ಇಂಗ್ಲಿಷ್ ಅಧಿಕಾರಿ ರಿಚರ್ಡ್ ಬಿಂಗಮ್ ಅವಳ ದನಗಳನ್ನು ಕಿತ್ತುಕೊಂಡ, ಒಬ್ಬ ಮಗ ಅವನ ಕಡೆಯವರ ಕೈಯಲ್ಲಿ ಸತ್ತ, ಇನ್ನೊಬ್ಬ ಮಗನನ್ನೂ ತಮ್ಮನನ್ನೂ ಸೆರೆಗೆ ಹಾಕಿದ. 1593ರಲ್ಲಿ, ಅರವತ್ತರ ಆಸುಪಾಸಿನ ಈ ಹೆಂಗಸು ಲಂಡನ್ನಿಗೆ ಹಡಗು ಹತ್ತಿದಳು. ಅಧಿಕಾರಿಗಳು ಹದಿನೆಂಟು ಪ್ರಶ್ನೆ ಬರೆದು ಕಳಿಸಿದರು. ಅವುಗಳಿಗೆ ಅವಳು ಕೊಟ್ಟ ಉತ್ತರಗಳು ಈಗಲೂ ಇವೆ. ಗಂಡ ಸತ್ತರೆ ನಿಮ್ಮಲ್ಲಿ ಹೆಂಡತಿಗೆ ಏನು ಸಿಗುತ್ತದೆ ಎಂಬುದೂ ಆ ಪ್ರಶ್ನೆಗಳಲ್ಲಿ ಒಂದು. ಎಲಿಜಬೆತ್ ಅವಳನ್ನು ಗ್ರಿನಿಚ್‌ನಲ್ಲಿ ಕಂಡಳು. ಮಗನೂ ತಮ್ಮನೂ ಬಿಡುಗಡೆಯಾದರು.

ಇನ್ನೊಂದು ಮಾತು ಸೇರಿಸಲೇಬೇಕು. ಅಷ್ಟು ಪಾಡುಪಟ್ಟು ಬಿಡಿಸಿಕೊಂಡು ಬಂದ ಆ ಮಗ ಟಿಬಟ್, ಎಂಟು ವರ್ಷದ ನಂತರ ಕಿನ್ಸೇಲ್ ಕಾಳಗದಲ್ಲಿ ಇಂಗ್ಲಿಷರ ಕಡೆ ನಿಂತು ಕಾದಾಡಿದ. ‘ಐರಿಷರು’ ಎಂದು ಒಂದೇ ಗುಂಪು ಮಾಡಿ ನೋಡಬಾರದು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಪ್ರ: ಒಂಬತ್ತು ವರ್ಷದ ಯುದ್ಧದಲ್ಲಿ ಗೆಲ್ಲುತ್ತಿದ್ದ ಐರಿಷರು ಕಿನ್ಸೇಲ್‌ನಲ್ಲಿ ಒಂದೇ ಬೆಳಿಗ್ಗೆ ಹೇಗೆ ಸೋತರು? ಮತ್ತೆ, ತಾರೀಖು ಕೆಲವೆಡೆ ಡಿಸೆಂಬರ್ 24, ಕೆಲವೆಡೆ ಜನವರಿ 3 ಅಂತ ಇದೆ.
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉ: ತಾರೀಖು ಎರಡೂ ಸರಿ. ಇಂಗ್ಲಿಷರು ಹಳೆಯ ಪಂಚಾಂಗ ಹಿಡಿದಿದ್ದರು, ಸ್ಪೇನಿನವರು ಹೊಸದನ್ನು. ನಡುವೆ ಹತ್ತು ದಿನದ ಅಂತರ. ಹಾಗಾಗಿ ಒಬ್ಬರಿಗೆ ಅದು 1601ರ ಡಿಸೆಂಬರ್ 24, ಇನ್ನೊಬ್ಬರಿಗೆ 1602ರ ಜನವರಿ 3.

ಈ ಯುದ್ಧದಲ್ಲಿ ಐರಿಷರ ನಾಯಕ ಹ್ಯೂ ಓನೀಲ್ ಉತ್ತರದ ಅಲ್‌ಸ್ಟರ್‌ನವನು. ಬೆಳೆದದ್ದು ಪೇಲ್‌ನ ಇಂಗ್ಲಿಷ್ ಮನೆಯಲ್ಲಿ. ರಾಣಿಯೇ ಅವನನ್ನು ಟಿರೋನ್‌ನ ಅರ್ಲ್ ಮಾಡಿದಳು. ಇಂಗ್ಲಿಷರ ನಡೆ, ನುಡಿ, ಯುದ್ಧದ ಪಟ್ಟು ಎಲ್ಲವೂ ಅವನಿಗೆ ಗೊತ್ತು. ಮನೆಯ ಚಾವಣಿಗೆಂದು ಸೀಸ ತರಿಸಿ ಗುಂಡು ಮಾಡಿಸಿದ ಅಂತ ಒಂದು ಕಥೆ ಇದೆ. 1591ರಲ್ಲಿ ಇಂಗ್ಲಿಷ್ ಸೇನಾಧಿಕಾರಿ ಹೆನ್ರಿ ಬ್ಯಾಗ್ನಲ್‌ನ ತಂಗಿ ಮೇಬಲ್‌ಳನ್ನು ಮನೆಯವರ ಒಪ್ಪಿಗೆ ಇಲ್ಲದೆ ಮದುವೆಯಾದ. ಅವಳಿಗೆ ಇಪ್ಪತ್ತು, ಅವನಿಗೆ ನಲವತ್ತು ದಾಟಿತ್ತು. ಅಣ್ಣ ತಂಗಿಯ ವರದಕ್ಷಿಣೆ ಹಣ ಕೊಡಲೇ ಇಲ್ಲ. 1595ರಲ್ಲಿ ಅವಳು ತೀರಿಕೊಂಡಳು. 1598ರ ಆಗಸ್ಟ್ 14ರಂದು ಆರ್ಮಾ ಹತ್ತಿರದ ‘ಹಳದಿ ಹಾಯ್ಗಡ’ (ಯೆಲ್ಲೋ ಫೋರ್ಡ್) ಎಂಬ ಹೊಳೆ ದಾಟುವ ಜಾಗದಲ್ಲಿ ಭಾವ ಮೈದುನರು ಎದುರಾದರು. ಬ್ಯಾಗ್ನಲ್ ಸುಮಾರು ನಾಲ್ಕು ಸಾವಿರ ಜನರನ್ನು ಕರೆದುಕೊಂಡು ಹೊರಟಿದ್ದ. ಜವುಗು, ಕಂದಕ, ಪೊದೆಗಳ ನಡುವೆ ದಂಡು ತುಂಡು ತುಂಡಾಯಿತು. ಬ್ಯಾಗ್ನಲ್ ಮುಖಕವಚ ಎತ್ತಿ ನೋಡುವಾಗ ತಲೆಗೆ ಗುಂಡು ಬಿತ್ತು. ಐರ್ಲೆಂಡಿನಲ್ಲಿ ಇಂಗ್ಲಿಷರಿಗೆ ಅಂಥ ಸೋಲು ಅದಕ್ಕೂ ಹಿಂದೆ ಆಗಿರಲಿಲ್ಲ. ಆ ಗೆಲುವಿನ ಅಲೆ ದಕ್ಷಿಣಕ್ಕೂ ಹಬ್ಬಿತು, ಸ್ಪೆನ್ಸರನ ಕೋಟೆಯೂ ಸುಟ್ಟಿತು. 1599ರಲ್ಲಿ ರಾಣಿಯ ಮೆಚ್ಚಿನ ಎಸೆಕ್ಸ್ 17,000ದಷ್ಟು ದಂಡು ತಂದವನು ಹೊಳೆಯ ನಡುವೆ ಕುದುರೆ ನಿಲ್ಲಿಸಿಕೊಂಡಿದ್ದ ಓನೀಲ್ ಜೊತೆ ಮಾತಾಡಿ ಕದನವಿರಾಮ ಮಾಡಿಕೊಂಡು ವಾಪಸಾದ.

1600ರಲ್ಲಿ ಬಂದ ಮೌಂಟ್‌ಜಾಯ್ ಬೇರೆ ಥರದವನು. ಚಳಿಗಾಲದಲ್ಲೂ ದಂಡು ನಡೆಸಿದ. ಉತ್ತರದಲ್ಲಿ ಪೈರು ಸುಟ್ಟ. ರಾಣೆಬೆನ್ನೂರಿನ ರೈತರಿಗೆ ಹೇಳಿದ್ದೇ ಇಲ್ಲೂ. ಸತ್ತವರ ಬಾಯಿ ಸೊಪ್ಪುಸದೆ ತಿಂದು ಹಸಿರಾಗಿತ್ತು ಎಂದು ಅವನ ಕಾರ್ಯದರ್ಶಿಯೇ ಬರೆದಿದ್ದಾನೆ.

ಇಷ್ಟರಲ್ಲಿ 1601ರ ಸೆಪ್ಟೆಂಬರಿನಲ್ಲಿ ಸ್ಪೇನಿನ ದಂಡು ಬಂತು. ಇಳಿದದ್ದು ದಕ್ಷಿಣ ತುದಿಯ ಕಿನ್ಸೇಲ್‌ನಲ್ಲಿ, ಓನೀಲ್ ಇದ್ದದ್ದು ಉತ್ತರ ತುದಿಯಲ್ಲಿ. ಇಡೀ ದೇಶವನ್ನು ಚಳಿಗಾಲದಲ್ಲಿ ನಡೆದು ದಾಟಬೇಕು. ನಡೆದರು. ಅವನ ಜೊತೆಗಾರ ರೆಡ್ ಹ್ಯೂ ಓಡಾನಲ್ ಮಂಜುಗಟ್ಟಿದ ಬೆಟ್ಟದ ಮೇಲೆ ರಾತ್ರೋರಾತ್ರಿ ದಂಡು ದಾಟಿಸಿದ. ಊರೊಳಗೆ ಸ್ಪೇನಿನವರು, ಸುತ್ತ ಇಂಗ್ಲಿಷರು, ಅವರ ಬೆನ್ನಿಗೆ ಐರಿಷರು. ಮೌಂಟ್‌ಜಾಯ್‌ನ ಸಿಪಾಯಿಗಳು ಚಳಿ, ಕಾಯಿಲೆಯಿಂದ ಸಾಯುತ್ತಿದ್ದರು. ಕಾದಿದ್ದರೆ ಸಾಕಿತ್ತು ಎಂದು ನನಗೆ ಅನಿಸುತ್ತದೆ. ಕಾಯಲಿಲ್ಲ. ಗುಡುಗು ಮಿಂಚಿನ ರಾತ್ರಿ ಹೊರಟು ಬೆಳಗಾಗುವಾಗ ಬಯಲಿನಲ್ಲಿ ಸಿಕ್ಕಿಬಿದ್ದರು. ಜವುಗಿನಲ್ಲೂ ಕಾಡಿನಲ್ಲೂ ಗೆದ್ದವರು ಬಯಲಿನಲ್ಲಿ ಸಾಲುಕಟ್ಟಿ ನಿಲ್ಲಬೇಕಾಯಿತು. ಇಂಗ್ಲಿಷ್ ಕುದುರೆ ದಂಡು ನುಗ್ಗಿತು, ಸಾಲು ಮುರಿಯಿತು. ಕೆಲವೇ ಗಂಟೆ.

ಕಾರ್ಕ್‌ನಿಂದ ಕಿನ್ಸೇಲ್‌ಗೆ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ಬಣ್ಣ ಬಣ್ಣದ ಮನೆಗಳ ಚೆಂದದ ಊರು. ಮೀನೂಟಕ್ಕೆ ಜನ ಬರುತ್ತಾರೆ.

ಪ್ರ: ಇದಕ್ಕೂ ನಮ್ಮ ದೇಶಕ್ಕೂ ಏನಾದರೂ ನಂಟು ಇದೆಯೇ?
– ಓದುಗರು, ಕಲಬುರಗಿ

ಉ: ಕಿನ್ಸೇಲ್ ಕಾಳಗಕ್ಕೆ ಒಂದು ವರ್ಷ ಮೊದಲು, 1600ರ ಡಿಸೆಂಬರ್ 31ರಂದು ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಐರ್ಲೆಂಡಿನ ಆ ಯುದ್ಧಕ್ಕೆ ಸುಮಾರು 20 ಲಕ್ಷ ಪೌಂಡ್ ಖರ್ಚಾಗಿ ಖಜಾನೆ ಬರಿದಾಗುತ್ತಿದ್ದ ಕಾಲ ಅದು. ಇಷ್ಟು ನಂಟು ಖಂಡಿತ.

ಪ್ರ: ಹ್ಯೂ ಓನೀಲ್ ಕೊನೆಗೆ ಏನಾದ?
– ಪಿಯುಸಿ ವಿದ್ಯಾರ್ಥಿ, ಮಡಿಕೇರಿ

ಉ: ಕಿನ್ಸೇಲ್ ಆದ ಮೇಲೂ ಒಂದು ವರ್ಷಕ್ಕಿಂತ ಜಾಸ್ತಿ ಕಾಡಿನಲ್ಲಿ ಇದ್ದ. ಅವನ ಕುಲದ ನಾಯಕರಿಗೆ ಪಟ್ಟ ಕಟ್ಟುತ್ತಿದ್ದ ಕಲ್ಲಿನ ಪೀಠ ಟಲಹೋಗ್ ಎಂಬಲ್ಲಿತ್ತು. 1602ರಲ್ಲಿ ಮೌಂಟ್‌ಜಾಯ್ ಅದನ್ನು ಒಡೆಸಿಹಾಕಿದ. 1603ರ ಮಾರ್ಚ್ 30ರಂದು ಮೆಲಿಫಾಂಟ್‌ನಲ್ಲಿ ಓನೀಲ್ ಮೊಣಕಾಲೂರಿ ರಾಣಿಗೆ ಶರಣಾದ. ಅಷ್ಟು ಹೊತ್ತಿಗೆ ಎಲಿಜಬೆತ್ ಸತ್ತು ಆರು ದಿನವಾಗಿತ್ತು. ಮೌಂಟ್‌ಜಾಯ್‌ಗೆ ಗೊತ್ತಿತ್ತು, ಹೇಳಲಿಲ್ಲ. ಡಬ್ಲಿನ್ನಿಗೆ ಹೋದ ಮೇಲೆ ವಿಷಯ ತಿಳಿದು ಓನೀಲ್ ಎಲ್ಲರೆದುರು ಅತ್ತನಂತೆ.

ನೆಲ ವಾಪಸ್ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. 1607ರ ಸೆಪ್ಟೆಂಬರಿನಲ್ಲಿ ರಾತ್‌ಮಲನ್ ಎಂಬ ಬಂದರಿನಿಂದ ಓನೀಲ್, ಓಡಾನಲ್ ಮನೆತನದವರು ಸೇರಿ ನೂರಕ್ಕೆ ಒಂದು ಕಡಿಮೆ ಜನ ಒಂದೇ ಹಡಗು ಹತ್ತಿ ದೇಶ ಬಿಟ್ಟರು. ಓನೀಲ್ ಮತ್ತೆ ಐರ್ಲೆಂಡಿಗೆ ವಾಪಸ್ ಬರಲಿಲ್ಲ. ಅವರ ನೆಲಕ್ಕೆ ಸ್ಕಾಟ್ಲೆಂಡ್, ಇಂಗ್ಲೆಂಡಿನಿಂದ ಒಕ್ಕಲುಗಳನ್ನು ತಂದು ಕೂರಿಸಿದರು. ಓನೀಲ್ 1616ರಲ್ಲಿ ರೋಮಿನಲ್ಲಿ ತೀರಿಕೊಂಡ. ಅಲ್ಲೇ ಒಂದು ಗುಡ್ಡದ ಮೇಲಿನ ಚರ್ಚಿನಲ್ಲಿ ಅವನ ಸಮಾಧಿ ಇದೆ.

ಆದರೆ ಆ ಹಡಗಿನಲ್ಲಿ ಅವನ ಒಬ್ಬ ಮಗ ಇರಲಿಲ್ಲ. ಕಾನ್ ಅಂತ, ಐದಾರು ವರ್ಷದ ಹುಡುಗ. ಗೇಲಿಕ್ ಪದ್ಧತಿಯಂತೆ ಸಾಕುಮನೆಯಲ್ಲಿ ಬೆಳೆಯುತ್ತಿದ್ದ. ಆ ಮನೆಯವರು ದನಗಳ ಹಿಂದೆ ಹುಲ್ಲುಗಾವಲಿಗೆ ಹೋಗಿದ್ದರು. ಹುಡುಕಿದರೂ ಹೊತ್ತಿಗೆ ಸಿಗಲಿಲ್ಲ. ಹಡಗು ಕಾಯಲು ಆಗಲಿಲ್ಲ. ಹುಡುಗ ಇಂಗ್ಲಿಷರ ಕೈಗೆ ಸಿಕ್ಕಿದ. ಈಟನ್ ಶಾಲೆಯಲ್ಲಿ ಓದಿಸಿದರು. 1622ರಲ್ಲಿ ಅವನನ್ನು ಲಂಡನ್ನಿನ ಟವರ್‌ಗೆ ಸೇರಿಸಿದರು. ಅಲ್ಲಿಂದ ಮುಂದೆ ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ.